ಪಡುಕೋಣೆಯ ಮಣಿಕಟ್ಟು
ಮರವಂತೆ ಬಳಿಯ ಪಡುಕೋಣೆ, ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆಯವರ ಮನೆತನದ ಊರು. ಆಟ ಕುದುರಿದ್ದು ಮಾತ್ರ ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅಲ್ಲಿ ಮದುವೆಯಿದ್ದ ದಿನ ಆಟವಿಲ್ಲ.

1980ರ ಆಲ್ ಇಂಗ್ಲೆಂಡ್ ಫೈನಲ್ ನೋಡಬೇಕು. ಎದುರಿಗೆ ಹಾರಿ ಹೊಡೆಯುವ ಲೀಮ್ ಸ್ವಿ ಕಿಂಗ್. ಪ್ರಕಾಶರ ರ‍್ಯಾಕೆಟ್ಟು ಸ್ಮ್ಯಾಶಿಗೆಂದೇ ಬೀಸಿ ಬರುತ್ತದೆ, ಕೊನೇ ಗಳಿಗೆಯಲ್ಲಿ ಮಣಿಕಟ್ಟು ವೇಗವನ್ನೆಲ್ಲ ನುಂಗಿಬಿಡುತ್ತದೆ. ಶಟಲ್ ಬಲೆಯ ಅಂಚು ಸವರಿ ಆಚೆಗೆ ಉದುರುತ್ತದೆ. 15-3, 15-10. ಬಲಕ್ಕೆ ಬಲವೇ ಉತ್ತರವಲ್ಲವೆಂದು ಇಷ್ಟು ಚೆಂದವಾಗಿ ಇನ್ಯಾರು ತೋರಿಸಿದರು!

ಸಂಘಟಕರಾದ ಮೇಲೂ ಅದೇ ಹದ, ಅದೇ ತಾಳ್ಮೆ. 1994ರಲ್ಲಿ ಅಕಾಡೆಮಿ ಕಟ್ಟಿದರು. ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಗೆದ್ದರು. ಬಿಲಿಯರ್ಡ್ಸ್ ಆಟಗಾರ ಗೀತ್ ಸೇಠಿ ಜೊತೆ ಹುಟ್ಟುಹಾಕಿದ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಸಂಸ್ಥೆ, ಬ್ಯಾಡ್ಮಿಂಟನ್ ದಾಟಿ ಬಾಕ್ಸರ್ ಮೇರಿ ಕೋಮ್, ಶೂಟರ್ ಗಗನ್ ನಾರಂಗ್‌ರ ಬೆನ್ನಿಗೂ ನಿಂತಿತು.