ತತ್ತ್ವಪದವೂ ಅನ್ಯವಾದ್ಯವೂ

ಶಿಶುನಾಳ ಷರೀಫರ (1819–1889) ಗುಡುಗುಡಿಯ ಪದವನ್ನು ಬೆಂಗಳೂರಿನ ರಘು ದೀಕ್ಷಿತರು 2008ರ ತಮ್ಮ ಧ್ವನಿಮುದ್ರಿಕೆಯಲ್ಲಿ ಗಿಟಾರು, ಡ್ರಮ್ಮುಗಳೊಡನೆ ಹಾಡಿರುವರು. ಅನ್ಯವಾದ್ಯ ಸೇರಿತೆಂದೇ ಹಳಿಯುವುದು ನ್ಯಾಯವಲ್ಲ. ಗೋವಿಂದಭಟ್ಟರ ಶಿಷ್ಯರಾದ ಷರೀಫರಿಗೆ ಬೆರಕೆಯು ಪರಕೀಯವೆ? ವಿಚಾರಿಸತಕ್ಕದ್ದು, ಹಾಡಿನ ಜೀವವೆಲ್ಲಿದೆಯೆಂಬುದನ್ನು.

ಉತ್ತರಧ್ರುವಪ್ರಾಂತದ ಇನುಯಿಟ್ ಜನರ 'ಕಟಜ್ಜಕ್' ಎಂಬುದು, ಇಬ್ಬರು ಸ್ತ್ರೀಯರು ಎದುರುಬದುರಾಗಿ ನಿಂತು, ನಗು ಬಂದೋ ಉಸಿರು ಸೋತೋ ಒಬ್ಬಳು ನಿಲ್ಲುವವರೆಗೆ ಆಡುವ ಕಂಠದಾಟ. ತಾನ್ಯಾ ಟಗಾಕರು ಒಬ್ಬರೇ ಹಾಡುವಾಗ ಎದುರಾಳಿಯ ಸ್ಥಾನವನ್ನು ಪಿಟೀಲು, ಡ್ರಮ್ಮುಗಳು ವಹಿಸುತ್ತವೆ. ಆದುದರಿಂದ ಆಟವು ಉಳಿದಿದೆ.

ತತ್ತ್ವಪದದ ಜೀವವಾದರೋ ಒಳಾರ್ಥ. ನುಡಿನುಡಿಯ ನಡುವಣ ವಿರಾಮದಲ್ಲಿ ಗುಡುಗುಡಿಯು ದೇಹವೆಂದು ಕೇಳುವವನಿಗೆ ಹೊಳೆಯಬೇಕು. ದೀಕ್ಷಿತರ ಗಾನದಲ್ಲಿ ಉತ್ಸಾಹವು ನಿಜವಾದುದೇ. ಆದರೆ ಪಲ್ಲವಿಯು ಕುಣಿತಕ್ಕೆ ಒದಗಿ, ಆ ವಿರಾಮವು ಮುಚ್ಚಿಹೋಗುತ್ತದೆ. ವಾದ್ಯವು ಯಾವ ನಾಡಿನದಾದರೂ ಆಗಲಿ, ಮಾತಿಗೆ ಎಡೆಗೊಟ್ಟರೆ ಮಾತ್ರ ಬೆರಕೆಯು ಸಾರ್ಥಕ.