ಆಡಿನ ಹಾಲಿನ ಅಧ್ಯಾಯ

ನಾನು ಧಾರವಾಡ ಬಿಟ್ಟು ಮುಂಬಯಿಗೆ ಬಂದದ್ದು 1993ರಲ್ಲಿ. ಟ್ರಂಕಿನಲ್ಲಿ ಅವ್ವ ಇಟ್ಟದ್ದು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಡಬ್ಬಿ ತುಪ್ಪ. ಅಪ್ಪ ಇಟ್ಟದ್ದು ಗೊರೂರು ರಾಮಸ್ವಾಮಿ ಅಯ್ಯಂಗಾರರು ಕನ್ನಡಕ್ಕೆ ತಂದ ಗಾಂಧೀಜಿಯ ಆತ್ಮಕಥೆ. ತುಪ್ಪ ತಿಂಗಳೊಪ್ಪತ್ತಿನಲ್ಲಿ ಮುಗಿಯಿತು. ಪುಸ್ತಕ ಮಾತ್ರ ಗೋರೆಗಾಂವದ ಈ ಮನೆಯಲ್ಲಿ ಇನ್ನೂ ಇದೆ, ರಟ್ಟು ಕಿತ್ತುಹೋಗಿದೆ. ಇಷ್ಟು ವರ್ಷಗಳಲ್ಲಿ ಅದನ್ನು ಮೂರು ಸಲ ಪೂರ್ತಿ ಓದಿದ್ದೇನೆ. ಹಾಲಿನ ವಿಷಯ ಬಂದಾಗಲೆಲ್ಲ ಮೂರು ಸಲವೂ ಬೇರೆ ಬೇರೆ ಪುಸ್ತಕ ಓದಿದ ಹಾಗಾಗಿದೆ.

ಮೊದಲನೇ ಓದಿನಲ್ಲಿ ಊಟದ ಅಧ್ಯಾಯಗಳು ಬೇಜಾರು ತರಿಸಿದ್ದವು. ದಕ್ಷಿಣ ಆಫ್ರಿಕಾದ ಹೋರಾಟದ ನಡುವೆ ಕಡಲೆಕಾಯಿ, ಖರ್ಜೂರ, ನಿಂಬೆಹಣ್ಣಿನ ಲೆಕ್ಕ ಯಾಕೆ ಬೇಕಿತ್ತು ಅನ್ನಿಸಿ ಪುಟ ಸರಸರ ತಿರುವಿದ್ದೆ. ನಮ್ಮ ಮನೆಯಲ್ಲಿ ಹಾಲು-ಮೊಸರು ಎಂದೂ ಪ್ರಶ್ನೆಯೇ ಆಗಿರಲಿಲ್ಲ. ಕನ್ನಡದಲ್ಲಿ 'ಸಸ್ಯಾಹಾರ' ಎಂದರೆ ಹಾಲು ಅದರೊಳಗೇ ಬಂತು. ಹಾಲು ಯಾವ ಸಸ್ಯದಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ನನಗೆ ಹಾಕಿದ್ದು ಈ ಊರು. ಮುಂಬಯಿಯ ಎಮ್ಮೆಗಳನ್ನು ಊರ ನಡುವಿನಿಂದ ಹೊರಗೆ ಸಾಗಿಸಲೆಂದು 1949ರಲ್ಲಿ ಗೋರೆಗಾಂವದಲ್ಲಿ ಆರೆ ಹಾಲಿನ ಕಾಲೊನಿ ಮಾಡಿದರು. ಆದರೂ ಉಪನಗರಗಳಲ್ಲಿ ಖಾಸಗಿ ತಬೇಲಾಗಳು ಉಳಿದವು. 1998ರ ಒಂದು ಬೆಳಿಗ್ಗೆ ಅಂಥದ್ದೊಂದು ತಬೇಲಾದ ಮುಂದೆ ಹಾದುಹೋಗುವಾಗ ಎಮ್ಮೆಯ ಎದುರು ಕರುವೊಂದು ಅಲ್ಲಾಡದೆ ನಿಂತದ್ದು ಕಂಡಿತು. ಹತ್ತಿರ ಹೋಗಿ ನೋಡಿದೆ. ಸತ್ತ ಕರುವಿನ ಚರ್ಮದೊಳಗೆ ಹುಲ್ಲು ತುಂಬಿ ನಿಲ್ಲಿಸಿದ್ದರು. ಎಮ್ಮೆ ಅದನ್ನು ನೆಕ್ಕುತ್ತಿತ್ತು, ಕೆಳಗೆ ಒಬ್ಬ ಹಾಲು ಕರೆಯುತ್ತಿದ್ದ. ಅವತ್ತು ಚಹಾ ಕುಡಿಯಲಿಲ್ಲ. ಆಮೇಲೂ ಹಾಲು ಹಾಕಿದ ಚಹಾ ಕುಡಿಯಲಿಲ್ಲ.

ನಾವೆಲ್ಲ ಶಾಲೆಯಲ್ಲಿ ಗೋವಿನ ಹಾಡು ಹಾಡಿದವರು. ಪುಣ್ಯಕೋಟಿ ಹುಲಿಯ ಬಾಯಿಂದ ಅಪ್ಪಣೆ ಪಡೆದು ಓಡಿಬಂದದ್ದು ಕರುವಿಗೆ ಮೊಲೆ ಕೊಡಲಿಕ್ಕೆ. ಮಾಸ್ತರರು ಅದನ್ನು ಸತ್ಯದ ಹಾಡು ಎಂದು ಹೇಳಿಕೊಟ್ಟರು, ಖರೇನೇ. ಅದೇ ಹಾಡಿನಲ್ಲಿ ಗೊಲ್ಲ ಬಿಂದಿಗೆ ತುಂಬ ಹಾಲು ಕರೆಯುತ್ತಾನೆ, ಅದೂ ಇದೆ. ಕೊಟ್ಟ ಮಾತು, ಕರುವಿನ ಹಾಲು, ನಮ್ಮ ಬಿಂದಿಗೆ ಮೂರೂ ಒಂದೇ ಹಾಡಿನಲ್ಲಿವೆ. ನಾವು ಮೊದಲನೆಯದನ್ನು ಮಾತ್ರ ಕಲಿತೆವು.

ಊರಿಗೆ ಹೋದಾಗ ಅವ್ವ ಕೇಳಿದಳು: "ಮಜ್ಜಿಗಿನೂ ಬ್ಯಾಡೇನವಾ? ಮಜ್ಜಿಗಿ ಕುಡದ್ರ ಯಾವ ಆಕಳಕ್ಕ ನೋವಾಗ್ತದ?" ಜೋಳದ ರೊಟ್ಟಿ, ಹಿಂಡಿ, ಝುಣಕ, ಎಣ್ಣೆಗಾಯಿ ಯಾವುದಕ್ಕೂ ಹಾಲು ಬೇಕಾಗಿಲ್ಲ. ನಮ್ಮ ಕಡೆಯ ದಿನದ ಊಟದಲ್ಲಿ ಬದುಕುವುದು ಕಷ್ಟವಲ್ಲ. ಹೋಳಿಗೆಯ ಮೇಲೆ ತುಪ್ಪ ಬೇಡವೆಂದಾಗ ಮಾತ್ರ ಪಂಕ್ತಿಯಲ್ಲಿ ಎಲ್ಲರೂ ತಲೆ ಎತ್ತಿ ನೋಡುತ್ತಿದ್ದರು.

ಎರಡನೇ ಓದು ಆಗಿನದು. ಈ ಸಲ ನಾನು ಆತ್ಮಕಥೆಯಲ್ಲಿ ಒಬ್ಬ ಪೂರ್ವಜನನ್ನು ಹುಡುಕುತ್ತಿದ್ದೆ. 'ವೀಗನ್' ಎಂಬ ಶಬ್ದ ಹುಟ್ಟಿದ್ದು 1944ರ ನವೆಂಬರಿನಲ್ಲಿ, ಇಂಗ್ಲೆಂಡಿನಲ್ಲಿ. ಹುಟ್ಟಿಸಿದವರಲ್ಲಿ ಮುಖ್ಯರು ಡೊನಾಲ್ಡ್ ವಾಟ್ಸನ್ ಎಂಬ ಮರಗೆಲಸದ ಮೇಷ್ಟ್ರು. ಅದಕ್ಕೂ 32 ವರ್ಷ ಮೊದಲೇ, 1912ರಲ್ಲಿ, ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗಾಂಧಿ ಮತ್ತು ಕಲನ್‌ಬಾಕ್ ಹಾಲು ಬಿಟ್ಟಿದ್ದರು. ಕಲಕತ್ತೆಯಿಂದ ಬಂದ ಬರಹಗಳಲ್ಲಿ ಹಸು-ಎಮ್ಮೆಗಳ ಜನನಾಂಗಕ್ಕೆ ಗಾಳಿ ಊದಿ ಹಾಲು ಇಳಿಸುವ 'ಫೂಕಾ' ಕ್ರೌರ್ಯದ ವಿವರವಿತ್ತು. ನಮ್ಮ ದೇಶದ ಪ್ರಾಣಿಹಿಂಸೆ ತಡೆ ಕಾಯ್ದೆ 1960ರಲ್ಲಿ ಅದನ್ನು ಹೆಸರು ಹೇಳಿಯೇ ನಿಷೇಧಿಸಿದೆ. ಇದನ್ನೆಲ್ಲ ಓದಿ ನನಗೆ ಹಿಗ್ಗು. ತುಪ್ಪ ಬಡಿಸಲು ಬಂದ ಸೋದರತ್ತೆಗೆ ಗಾಂಧಿಯ ಹೆಸರು ಹೇಳಿ ಬಾಯಿ ಮುಚ್ಚಿಸಿದ್ದೂ ಉಂಟು.

ಅದು ತಪ್ಪು ಓದು ಎಂದು ಈಗ ಹೇಳಬಲ್ಲೆ. ಗಾಂಧಿ ತಮ್ಮ ಕಾರಣಗಳನ್ನು ಒಂದರ ಹಿಂದೊಂದು ಇಡುವ ಕ್ರಮ ನೋಡಿ. ಹಾಲು ವಿಕಾರವನ್ನು ಕೆರಳಿಸುತ್ತದೆ ಎಂಬ ಮಾತನ್ನು ಅವರು ಮೊದಲು ಕೇಳಿದ್ದು ರಾಯಚಂದಭಾಯಿಯಿಂದ. ಅದು ಬ್ರಹ್ಮಚರ್ಯದ ವಾದ. ಹಸುವಿನ ನೋವು ಬರುವುದು ಅದರ ನಂತರ. ನಮ್ಮಂಥವರಿಗೆ ಮೊದಲನೆಯದಾದ ಕಾರಣ ಅವರಿಗೆ ಕೊನೆಗೆ ಬಂದು ತಳ್ಳಿದ ಕೈ. ಮೇಲಾಗಿ ಅವರು ಹಾಲಿನ ವಿರೋಧಿಯಲ್ಲ. 1927ರಲ್ಲಿ, ಆತ್ಮಕಥೆ ವಾರವಾರ ಅಚ್ಚಾಗುತ್ತಿದ್ದ ಕಾಲದಲ್ಲೇ, ನಂದಿಬೆಟ್ಟದಲ್ಲಿ ಸುಧಾರಿಸಿಕೊಂಡು ಬೆಂಗಳೂರಿಗೆ ಇಳಿದ ಗಾಂಧಿ, ಅಲ್ಲಿಯ ಸರ್ಕಾರಿ ಹೈನುಗಾರಿಕೆ ಸಂಸ್ಥೆಗೆ ಹೋಗಿ ದನ ಸಾಕುವ ಕ್ರಮ ಕಲಿತರು. ಗೋರಕ್ಷಣೆ ಆಗಬೇಕಾದರೆ ಒಳ್ಳೆಯ ಡೈರಿಯೂ ಚರ್ಮಾಲಯವೂ ಬೇಕು ಎಂಬುದು ಅವರ ವಾದ. ಇಂಥವರನ್ನು ವೀಗನರ ಪಟ್ಟಿಯಲ್ಲಿ ಸೇರಿಸುವುದು ಅವರಿಗೂ ಅನ್ಯಾಯ, ಪಟ್ಟಿಗೂ ಅನ್ಯಾಯ.

ಹಾಗಾದರೆ ಆ ಪುಸ್ತಕದಿಂದ ನಮಗೆ ಸಿಗುವುದೇನು? ನನ್ನ ಮಟ್ಟಿಗೆ, ಆಡಿನ ಹಾಲಿನ ಅಧ್ಯಾಯ.

ಕಥೆ ಎಲ್ಲರಿಗೂ ಸ್ವಲ್ಪ ಗೊತ್ತು. 1918ರಲ್ಲಿ ಖೇಡಾದಲ್ಲಿ ಸೈನ್ಯಕ್ಕೆ ಜನ ಸೇರಿಸಲು ತಿರುಗುತ್ತಿದ್ದಾಗ ಆಮಶಂಕೆ ಹತ್ತಿ ಗಾಂಧಿ ಸಾಯುವ ಸ್ಥಿತಿಗೆ ಬಂದರು. 1919ರ ಜನವರಿಯಲ್ಲಿ ಇದೇ ಮುಂಬಯಿಯಲ್ಲಿ ಡಾ. ದಲಾಲ್ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂತು. ಹಾಲು ಕುಡಿಯದೆ ಮೈ ಹತ್ತುವುದಿಲ್ಲ ಎಂದರು ಡಾಕ್ಟರು. ವ್ರತವಿದೆ ಎಂದರು ಗಾಂಧಿ. ವ್ರತ ಮಾಡುವಾಗ ಮನಸ್ಸಿನಲ್ಲಿ ಇದ್ದದ್ದು ಆಕಳು, ಎಮ್ಮೆ. ಮಂಚದ ಪಕ್ಕ ನಿಂತಿದ್ದ ಕಸ್ತೂರಬಾ, ಹಾಗಾದರೆ ಆಡಿನ ಹಾಲಿಗೆ ಅಡ್ಡಿಯಿಲ್ಲವಲ್ಲ ಎಂದರು. ಗಾಂಧಿ ಒಪ್ಪಿದರು. ಬದುಕಿದರು.

ಓದುಗರು ಸಾಮಾನ್ಯವಾಗಿ ಇಲ್ಲಿ ನಕ್ಕು ಮುಂದೆ ಹೋಗುತ್ತಾರೆ. ಇಲ್ಲವೇ, ಹೆಂಡತಿ ಹುಡುಕಿದ ಉಪಾಯ ಎಂದು ಬಾ ಅವರ ತಲೆಗೆ ಕಟ್ಟುತ್ತಾರೆ. ಆದರೆ ಈ ಅಧ್ಯಾಯವನ್ನು ಅದೇ ಪುಸ್ತಕದ ಇನ್ನೊಂದು ಪುಟದ ಪಕ್ಕ ಇಟ್ಟು ಓದಬೇಕು. ಲಂಡನ್ನಿನ ವಿದ್ಯಾರ್ಥಿ ದಿನಗಳಲ್ಲಿ ಗಾಂಧಿ ಸುಮಾರು ಹದಿನೈದು ದಿನ ಮೊಟ್ಟೆ ತಿಂದಿದ್ದರು. ಮಾಂಸ ಎಂದರೇನು ಎಂಬುದಕ್ಕೆ ಅಲ್ಲಿಯ ಸಸ್ಯಾಹಾರಿಗಳಲ್ಲಿ ಬೇರೆ ಬೇರೆ ವ್ಯಾಖ್ಯೆ. ಒಂದು ವ್ಯಾಖ್ಯೆಯ ಪ್ರಕಾರ ಮೊಟ್ಟೆ ತಿನ್ನಬಹುದಿತ್ತು. ಆದರೆ ತಾಯಿಯ ಮುಂದೆ ಆಣೆ ಮಾಡುವಾಗ ತಾಯಿಯ ಮನಸ್ಸಿನಲ್ಲಿ ಮಾಂಸವೆಂದರೆ ಮೊಟ್ಟೆಯೂ ಸೇರಿತ್ತು. ಆಣೆ ತೆಗೆದುಕೊಂಡವರ ಅರ್ಥವೇ ಅರ್ಥ; ಎರಡು ಅರ್ಥ ಬರುವಲ್ಲಿ ದುರ್ಬಲರ ಕಡೆಯ ಅರ್ಥವನ್ನೇ ಒಪ್ಪಬೇಕು. ಈ ನಿಯಮವನ್ನು ಗಾಂಧಿ ತಾವೇ ಹಾಕಿಕೊಂಡು ಮೊಟ್ಟೆ ಬಿಟ್ಟರು.

ಈ ನಿಯಮವನ್ನು ತಂದು ಮುಂಬಯಿಯ ಆ ಮಂಚದ ಪಕ್ಕ ಇಡಿ. ಹಾಲಿನ ವ್ರತದಲ್ಲಿ ದುರ್ಬಲರ ಕಡೆಯವರು ಯಾರು? ಡಾಕ್ಟರಲ್ಲ, ಬಾ ಅಲ್ಲ. ಕರೆಯಿಸಿಕೊಳ್ಳುವ ಪ್ರಾಣಿ. ಅದು ಆಕಳಾದರೇನು, ಆಡಾದರೇನು? ಗಾಂಧಿಯ ಅಳತೆಗೋಲಿನಿಂದಲೇ ಅಳೆದರೆ ಆಡಿನ ಹಾಲು ನಿಲ್ಲುವುದಿಲ್ಲ. ಇದು ನಾನು ಹೊರಗಿನಿಂದ ತಂದು ಹಾಕುವ ಆಕ್ಷೇಪವಲ್ಲ, ಪುಸ್ತಕವೇ ತನ್ನ ಮೇಲೆ ಹಾಕಿಕೊಂಡದ್ದು. ಗಾಂಧಿ ಇದನ್ನು ಮುಚ್ಚಿಡುವುದಿಲ್ಲ. ವ್ರತದ ಅಕ್ಷರ ಉಳಿಯಿತು, ಜೀವ ಹೋಯಿತು, ಬದುಕುವ ಆಸೆ ಸತ್ಯದ ಮೇಲಿನ ಭಕ್ತಿಗಿಂತ ದೊಡ್ಡದಾಯಿತು ಎಂಬ ಅರ್ಥದಲ್ಲೇ ಬರೆಯುತ್ತಾರೆ. ನೆನಪು ಈಗಲೂ ಚುಚ್ಚುತ್ತದೆ ಎನ್ನುತ್ತಾರೆ. ಹೀಗೆ ಬರೆದದ್ದು ಹಾಲು ಬಿಟ್ಟ ಮೇಲಲ್ಲ, ದಿನಾ ಆಡಿನ ಹಾಲು ಕುಡಿಯುತ್ತಿದ್ದಾಗ, ಸಾವಿರಾರು ಜನ ಓದುವ ವಾರಪತ್ರಿಕೆಯಲ್ಲಿ.

ಒಂದು ಕೊರತೆ ಮಾತ್ರ ಹೇಳಲೇಬೇಕು. ಆ ಅಧ್ಯಾಯದಲ್ಲಿ ಸತ್ಯವಿದೆ, ವ್ರತವಿದೆ, ಬಾ ಇದ್ದಾರೆ, ಆಡು ಇಲ್ಲ. ಫೂಕಾದ ಹಸುವಿಗೆ ಮರುಗಿದ ಮನಸ್ಸು ಆಡಿನ ಮರಿ ಏನು ಕುಡಿಯಿತು ಎಂದು ಕೇಳುವುದಿಲ್ಲ. ಚುಚ್ಚುವುದು ತನ್ನ ಮಾತು ತಪ್ಪಿದ್ದು, ಮರಿಯ ಹಸಿವಲ್ಲ. ವ್ರತ ಮಾಡುವವರಿಗೆಲ್ಲ ಇರುವ ಅಪಾಯ ಇದು. ಯಾರಿಗಾಗಿ ವ್ರತ ಮಾಡಿದೆವೋ ಅವರು ಮರೆತುಹೋಗಿ ವ್ರತ ಮಾತ್ರ ಉಳಿಯುತ್ತದೆ.

ಈ ಮಾತು ಬರೆಯುವ ಅರ್ಹತೆ ನನಗಿದೆಯೇ ಎಂದು ಕೇಳಿದರೆ, ಮೂರನೇ ಓದಿನ ಕಾರಣ ಹೇಳಬೇಕಾಗುತ್ತದೆ. 2006ರಲ್ಲಿ ನನಗೊಂದು ಆಪರೇಷನ್ ಆಯಿತು. ಅವ್ವ ಧಾರವಾಡದಿಂದ ರಾತ್ರಿ ರೈಲು ಹತ್ತಿ ಬಂದಳು. ನಾಲ್ಕನೇ ದಿನಕ್ಕೂ ನನ್ನ ಬಾಯಿಗೆ ಏನೂ ಸೇರುತ್ತಿರಲಿಲ್ಲ. ಅವ್ವ ಲೋಟದಲ್ಲಿ ಬಿಸಿ ಹಾಲು ತಂದು ನಿಂತಳು. "ನಿನ್ನ ನೇಮ ನನಗ ಗೊತ್ತದ. ಕುಡಿ ಅಂತ ನಾ ಹೇಳಂಗಿಲ್ಲ. ಆದ್ರ ಹಿಂಗ ನಿನ್ನ ನೋಡ್ಕೋತ ಕುಂದ್ರಲಿಕ್ಕೂ ನನ್ನ ಕೈಲೆ ಆಗಂಗಿಲ್ಲ." ನಾನು ಕುಡಿದೆ. ಎಂಟು ದಿನ ಕುಡಿದೆ. ಅವಳು ಊರಿಗೆ ಹೋದ ಮೇಲೆ ಬಿಟ್ಟೆ. ಇಲ್ಲಿಯ ಗೆಳತಿಯರಿಗೆ, ನನ್ನನ್ನು ನೋಡಿ ಹಾಲು ಬಿಟ್ಟಿದ್ದ ಇಬ್ಬರಿಗೂ, ಹೇಳಲಿಲ್ಲ. "1998ರಿಂದ ಒಂದು ಹನಿ ಇಲ್ಲ" ಎಂದೇ ಹೇಳುತ್ತ ಬಂದೆ. ಅಂಥ ಸುಳ್ಳಿನ ಮೇಲೆ ನಿಂತು ಮತ್ತೊಬ್ಬರ ತಾಟಿನ ಮೊಸರು ನೋಡಿ ಮುಖ ಕಿವುಚುತ್ತಿದ್ದೆ.

2013ರಲ್ಲಿ ಅವ್ವ ಹೋದಳು. ದಿನಕರ್ಮ ಮುಗಿಸಿ ಮುಂಬಯಿಗೆ ವಾಪಸು ಬಂದ ಮೇಲೆ ಪುಸ್ತಕ ತೆಗೆದು ಆಡಿನ ಹಾಲಿನ ಅಧ್ಯಾಯಕ್ಕೆ ಬಂದಾಗ, ಮುಂದೆ ಓದಲಾಗಲಿಲ್ಲ. ಗಾಂಧಿ ಮಾಡಿದ್ದನ್ನೇ ನಾನೂ ಮಾಡಿದ್ದೆ. ಅವರು ಬರೆದಿದ್ದರು, ನಾನು ಬಚ್ಚಿಟ್ಟಿದ್ದೆ.

ಅವರ ಮುಂದಿನ ವರ್ಷಗಳನ್ನು ಆಮೇಲೆ ಬೇರೆ ಕಣ್ಣಿನಿಂದ ನೋಡಿದೆ. 1929ರಲ್ಲಿ ಬೇಯಿಸದ ಆಹಾರದ ಪ್ರಯೋಗ ಮಾಡಿ ಸೋತು ಮತ್ತೆ ಆಡಿನ ಹಾಲಿಗೆ ಬಂದರು, ಸೋತದ್ದನ್ನೂ ಬರೆದರು. 1931ರ ನವೆಂಬರ್ 20ರಂದು ಲಂಡನ್ನಿನ ಸಸ್ಯಾಹಾರಿ ಸಂಘದಲ್ಲಿ, ಆರೋಗ್ಯದ ಕಾರಣಕ್ಕೆ ಮಾಂಸ ಬಿಟ್ಟವರು ಹೆಚ್ಚು ದಿನ ನಿಲ್ಲುವುದಿಲ್ಲ, ನೀತಿಯ ಬುನಾದಿ ಬೇಕು ಎಂಬ ಮಾತಾಡಿದರು. ಇಪ್ಪತ್ತರ ವಯಸ್ಸಿನಲ್ಲಿ ಯಾರ ಪುಸ್ತಕ ಓದಿ ಮನಸಾರೆ ಸಸ್ಯಾಹಾರಿಯಾಗಿದ್ದರೋ ಆ ಹೆನ್ರಿ ಸಾಲ್ಟ್ ಅಂದು ಸಭೆಯಲ್ಲಿದ್ದರು. 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ಆರೋಗ್ಯದ ಬಗ್ಗೆ ಬರೆಯುವಾಗ, ಹಾಲು ಪ್ರಾಣಿಜನ್ಯವೇ, ಅದನ್ನು ಕಟ್ಟುನಿಟ್ಟಿನ ಸಸ್ಯಾಹಾರದಲ್ಲಿ ಸೇರಿಸಲು ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಆಗ ಅವರಿಗೆ 73. ಹಾಲು ಬಿಟ್ಟು 30 ವರ್ಷ, ಮತ್ತೆ ಹಿಡಿದು 23 ವರ್ಷ. ಅಷ್ಟು ಕಾಲ ಕುಡಿದರೂ ಅದಕ್ಕೊಂದು ಒಳ್ಳೆಯ ಹೆಸರಿಟ್ಟು ಹಗುರಾಗಲಿಲ್ಲ. ಆಡಿನ ಹಾಲು ಸೂಚಿಸಿದ ಕಸ್ತೂರಬಾ ಅದೇ ಅರಮನೆಯಲ್ಲಿ, 1944ರ ಫೆಬ್ರುವರಿ 22ರಂದು ತೀರಿಕೊಂಡರು.

ನೇಮ ಗಟ್ಟಿಯಾಗುವುದೆಂದರೆ ಬಿಡುವ ಪದಾರ್ಥಗಳ ಪಟ್ಟಿ ಉದ್ದವಾಗುವುದು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಹಾಲು, ಆಮೇಲೆ ಜೇನು, ಆಮೇಲೆ ರೇಷ್ಮೆ. ಪಟ್ಟಿ ಬೆಳೆಯಿತು, ಅದರ ಜೊತೆ ನನ್ನ ಹಮ್ಮೂ ಬೆಳೆಯಿತು. ಆತ್ಮಕಥೆ ಹೇಳುವುದು ಬೇರೆ. ಎಲ್ಲಿ ಜಾರಿದೆವೋ ಆ ಜಾಗಕ್ಕೆ ಸರಿಯಾದ ಹೆಸರಿಡುವುದು, ಅಲ್ಲಿಂದ ಮತ್ತೆ ಮತ್ತೆ ಲೆಕ್ಕ ಒಪ್ಪಿಸುವುದು. ಊರು ಬಿಟ್ಟವರಿಗೆ ಇದು ಇನ್ನೂ ಜರೂರು ಅನ್ನಿಸುತ್ತದೆ. ಪರವೂರಿನಲ್ಲಿ ನಮ್ಮ ಒಲೆಯ ಮೇಲೆ ಏನಿದೆ ಎಂದು ಇಣುಕುವ ಸೋದರತ್ತೆ ಇರುವುದಿಲ್ಲ. ಗಾಂಧಿ ಸಸ್ಯಾಹಾರವನ್ನು ತಮ್ಮದಾಗಿ ಮಾಡಿಕೊಂಡದ್ದು ಲಂಡನ್ನಿನಲ್ಲಿ, ಹಾಲು ಬಿಟ್ಟದ್ದು ದಕ್ಷಿಣ ಆಫ್ರಿಕಾದಲ್ಲಿ, ಎರಡೂ ಪರವೂರು. ಅಲ್ಲಿ ನಮ್ಮನ್ನು ನಾವೇ ನೋಡಿಕೊಳ್ಳಬೇಕು.

ಗೆಳತಿಯರಿಬ್ಬರನ್ನೂ ಆ ವರ್ಷವೇ ಊಟಕ್ಕೆ ಕರೆದು ಎಂಟು ದಿನದ ಕಥೆ ಹೇಳಿದೆ. ಒಬ್ಬಳು ಸಿಟ್ಟಾಗಿ ಎರಡು ತಿಂಗಳು ಮಾತು ಬಿಟ್ಟಳು. ಇನ್ನೊಬ್ಬಳು, "ನಾನೂ ತವರಿಗೆ ಹೋದಾಗ ತುಪ್ಪ ತಿಂತೀನಿ ಅಕ್ಕಾ," ಎಂದು ಹೇಳಿ ಅತ್ತಳು. ಈಗ ಮೂವರೂ ಮಾತಾಡುತ್ತೇವೆ. ಯಾರಾದರೂ ಕೇಳಿದರೆ, "1998ರಿಂದ ಹಾಲಿಲ್ಲ, 2006ರಲ್ಲಿ ಎಂಟು ದಿನ ಬಿಟ್ಟು," ಎನ್ನುತ್ತೇನೆ.