ಸೂಚಿಯ ಮಾತು, ಕಡತದ ಮೌನ: ಬ್ರಿಟನ್ನಿನ ಮಹಿಳಾ ಕೃಷಿಸೇನೆಯ ದಾಖಲೆಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಹೊಲಗಳಲ್ಲಿ ದುಡಿದ ಮಹಿಳೆಯರ ಚರಿತ್ರೆಯನ್ನು ಬರೆಯಹೊರಡುವ ಸಂಶೋಧಕರಿಗೆ ಮೊದಲು ಎದುರಾಗುವುದು ಆಕರಗಳ ಅಭಾವ. 1939ರ ಜೂನ್‌ನಲ್ಲಿ ಪುನಃ ಸ್ಥಾಪಿತವಾಗಿ 1950ರ ನವೆಂಬರ್‌ನಲ್ಲಿ ವಿಸರ್ಜಿತವಾದ ವಿಮೆನ್ಸ್ ಲ್ಯಾಂಡ್ ಆರ್ಮಿಯಲ್ಲಿ, ಅಂದರೆ ಮಹಿಳಾ ಕೃಷಿಸೇನೆಯಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಮಂದಿ ಸೇವೆ ಸಲ್ಲಿಸಿದರು. ಅವರ ಮೂಲ ಸೇವಾ ಕಡತಗಳು ಉಳಿದಿಲ್ಲ. ಉಳಿದಿರುವುದು ಆ ಕಡತಗಳ ಸೂಚಿ ಕಾರ್ಡುಗಳು ಮಾತ್ರ. 1939ರಿಂದ 1948ರವರೆಗಿನ ಈ ಸೂಚಿಯು ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಎಂಎಎಫ್ 421 ಎಂಬ ಶ್ರೇಣಿಯಲ್ಲಿ ಲಭ್ಯವಿದೆ.

ಈ ಕಾರ್ಡನ್ನು ಒಂದು ಪಠ್ಯವಾಗಿ ಓದಿದಾಗ ಅದರ ಮಿತಿ ಸ್ಪಷ್ಟವಾಗುತ್ತದೆ. ಹೆಸರು, ವಿಳಾಸ, ಜನ್ಮದಿನಾಂಕ, ಹಿಂದಿನ ಉದ್ಯೋಗ, ಸದಸ್ಯತ್ವ ಸಂಖ್ಯೆ, ಸೇವಾವಧಿ ಇಂಥ ವಿವರಗಳಿಗೆ ಅಲ್ಲಿ ಸ್ಥಾನವಿದೆ. ಹಾಲು ಕರೆದ, ಉಳುಮೆ ಮಾಡಿದ, ಬೆಳೆ ಕೊಯ್ದ ದುಡಿಮೆಯ ಕಥನಕ್ಕೆ ಸ್ಥಾನವಿಲ್ಲ. ವಿವಾಹಾನಂತರ ಹೆಸರು ಬದಲಾದವರನ್ನು ಹುಡುಕಲು ಎರಡೂ ಹೆಸರುಗಳು ತಿಳಿದಿರಬೇಕಾಗುತ್ತದೆ.

ಈ ಅಭಾವವನ್ನು ಕೇವಲ ಕಚೇರಿಯ ಅಲಕ್ಷ್ಯವೆಂದು ಪರಿಗಣಿಸುವುದು ಸಾಲದು. ಹೆಸರಿಗೆ ಸೇನೆಯಾದರೂ ಈ ಮಹಿಳೆಯರಿಗೆ ಕೂಲಿ ಕೊಡುತ್ತಿದ್ದವರು ರೈತರು. ಯುದ್ಧಾನಂತರದ ಸೌಲಭ್ಯಗಳಿಂದ ಇವರನ್ನು ಹೊರಗಿಟ್ಟುದನ್ನು ಪ್ರತಿಭಟಿಸಿ ಸಂಸ್ಥೆಯ ಗೌರವ ನಿರ್ದೇಶಕಿ ಲೇಡಿ ಡೆನ್‌ಮನ್ 1945ರ ಫೆಬ್ರವರಿಯಲ್ಲಿ ರಾಜೀನಾಮೆ ನೀಡಿದರು. ಸೈನಿಕನ ಕಡತಕ್ಕೆ ಪಿಂಚಣಿಯ ಹಕ್ಕು ಆಧಾರವಾಗಿತ್ತು. ಪ್ರಭುತ್ವವು ಋಣವನ್ನೇ ಒಪ್ಪದ ದುಡಿಮೆಗೆ ಅಂಥ ಆಧಾರವಿರಲಿಲ್ಲ. ಕಡತದ ನಾಶವನ್ನು ಈ ನಿರಾಕರಣೆಯಿಂದ ಬೇರ್ಪಡಿಸಿ ನೋಡುವುದು ಕಷ್ಟ.

ವೀಟಾ ಸ್ಯಾಕ್‌ವಿಲ್-ವೆಸ್ಟ್ 1944ರಲ್ಲಿ ಪ್ರಕಟಿಸಿದ ಸಂಸ್ಥೆಯ ಇತಿಹಾಸವಾಗಲಿ, 1940ರಲ್ಲಿ ಆರಂಭವಾದ 'ದ ಲ್ಯಾಂಡ್ ಗರ್ಲ್' ಪತ್ರಿಕೆಯಾಗಲಿ ಈ ಕೊರತೆಯನ್ನು ಭಾಗಶಃ ಮಾತ್ರ ತುಂಬಬಲ್ಲವು. ಎರಡೂ ಯುದ್ಧಕಾಲದ ಉತ್ಸಾಹವನ್ನು ಕಾಯ್ದುಕೊಳ್ಳಬೇಕಾಗಿದ್ದ ಬರಹಗಳು. ಅವುಗಳ ಹುರುಪಿನ ಧ್ವನಿಯನ್ನು ಪೂರ್ಣ ಸತ್ಯವೆಂದು ಸ್ವೀಕರಿಸಲಾಗದು.

ಬದುಕಿದ್ದ ಸದಸ್ಯೆಯರಿಗೆ ಸರ್ಕಾರವು ಸ್ಮಾರಕ ಬ್ಯಾಡ್ಜನ್ನು ನೀಡಿದ್ದು 2008ರಲ್ಲಿ, ಸಂಸ್ಥೆ ವಿಸರ್ಜಿತವಾಗಿ 58 ವರ್ಷಗಳ ನಂತರ. ಅಷ್ಟರಲ್ಲಿ ಅನೇಕರು ತೀರಿಕೊಂಡಿದ್ದರು. ಆದುದರಿಂದ ಕಾರ್ಡು, ಪತ್ರಿಕೆ, ಕುಟುಂಬದಲ್ಲಿ ಉಳಿದ ಪತ್ರ, ಮೌಖಿಕ ನೆನಪು ಇವುಗಳನ್ನು ಒಂದಕ್ಕೊಂದು ತಾಳೆ ನೋಡುವ ವಿಧಾನವೇ ಇಲ್ಲಿ ಅಗತ್ಯ. ಕಾರ್ಡು ಒಬ್ಬ ಮಹಿಳೆ ಅಲ್ಲಿದ್ದಳೆಂಬುದನ್ನು ದೃಢಪಡಿಸುತ್ತದೆ. ಆಕೆ ಏನು ಮಾಡಿದಳೆಂಬುದನ್ನು ಉಳಿದ ಆಕರಗಳಿಂದಲೇ ಕಟ್ಟಿಕೊಳ್ಳಬೇಕು.